ಸ್ಟಿಯರಿಂಗ್ ಬಿಗಿಯಾಗಿದೆಯೆಂಬ ದೂರು

ಗುಂಡ್ಲುಪೇಟೆಯಿಂದಲೂ ಮೈಸೂರಿನಿಂದಲೂ ಕೇರಳಕ್ಕೆ ತರಕಾರಿ ಹೊತ್ತು ಬರುವ ಲಾರಿಗಳ ಚಾಲಕರನ್ನು ಮಾತನಾಡಿಸಿದವರಿಗೆ ಒಂದು ದೂರು ಆಗಾಗ ಕೇಳಿಬರುವುದುಂಟು. "ಸ್ಟಿಯರಿಂಗ್ ಟೈಟ್ ಆಗಿದೆ" ಎಂಬುದೇ ಆ ದೂರು. ಅದಕ್ಕೆ ಯಜಮಾನರು ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ ತೆರನಾದುದು: "ಈ ಟ್ರಿಪ್ಪೊಂದನ್ನು ಮುಗಿಸಿ ಬಾ, ಆಮೇಲೆ ನೋಡೋಣ." ಈ ದೂರಿಗೂ ಈ ಉತ್ತರಕ್ಕೂ ನಡುವೆ ಎಷ್ಟು ಭುಜಗಳು ಸೋತಿವೆ, ಎಷ್ಟು ಹಣ ಪೋಲಾಗಿದೆ, ಎಷ್ಟು ಅಪಾಯಗಳು ದೈವಕೃಪೆಯೊಂದರಿಂದಲೇ ತಪ್ಪಿಹೋಗಿವೆ ಎಂಬುದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಚಾಲಕನ ಈ ದೂರನ್ನು ಹೇಗೆ ಕೇಳಬೇಕು, ಕೇಳಿದ ಮೇಲೆ ಏನು ಮಾಡಬೇಕು ಎಂಬ ವಿಷಯದಲ್ಲಿ ನಮಗೆ ತಿಳಿದ ನಾಲ್ಕು ಮಾತುಗಳನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ.

ಹೋಟೆಲಿನ ಕೆಲಸಗಾರರೂ ಗುಮಾಸ್ತರೂ ಓದುವ ಪತ್ರಿಕೆಗೆ ಲಾರಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಎರ್ನಾಕುಳದ ಹೋಟೆಲಿನಲ್ಲಿ ನಸುಕಿನಲ್ಲೆದ್ದು ಸಾಂಬಾರಿಗೆ ಹೆಚ್ಚುವ ಬೀನ್ಸು, ಎಲೆಕೋಸುಗಳೂ ತಿರುವನಂತಪುರದ ಚಾಲೆಯ ಪೇಟೆಯಿಂದ ಚೀಲಗಟ್ಟಲೆ ಬರುವ ಟೊಮೇಟೊ, ಈರುಳ್ಳಿಗಳೂ ತಾವಾಗಿಯೇ ನಡೆದು ಬರುವುದಿಲ್ಲ. ಒಬ್ಬ ಮನುಷ್ಯನು ರಾತ್ರಿಯೆಲ್ಲ ಎರಡು ಕೈಗಳಿಂದ ಒಂದು ಚಕ್ರವನ್ನು ಹಿಡಿದು ಅವನ್ನು ತಂದಿರುತ್ತಾನೆ. ಆ ಮನುಷ್ಯನು ನಮ್ಮ ವಾಚಕರಲ್ಲಿ ಒಬ್ಬನ ಅಣ್ಣನಾಗಿರಬಹುದು, ಇನ್ನೊಬ್ಬನ ಭಾವನಾಗಿರಬಹುದು. ಮೇಲಾಗಿ, ಲಾರಿ ಆಫೀಸುಗಳಲ್ಲಿಯೂ ಮಟ್ಟಾಂಚೇರಿಯ ಮಂಡಿಗಳಲ್ಲಿಯೂ ಕುಳಿತು ಟ್ರಿಪ್ ಷೀಟು ಬರೆಯುವ ಗುಮಾಸ್ತನ ಕೈಯಲ್ಲಿ ಈ ವಿಷಯದ ಅರ್ಧ ಪರಿಹಾರವಿದೆ. ಅದು ಹೇಗೆಂಬುದನ್ನು ಮುಂದೆ ಹೇಳುವೆವು.

ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ನಮ್ಮ ಓದು ಎಸ್.ಎಸ್.ಎಲ್.ಸಿ.ಗೆ ಮುಗಿಯಿತು, ಆ ಬಳಿಕದ ವಿದ್ಯೆಯೆಲ್ಲ ಹೋಟೆಲಿನ ಗಲ್ಲಾ ಪೆಟ್ಟಿಗೆಯ ಹಿಂದೆ ಕಲಿತದ್ದು. ಆದರೂ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನಮಗೆ ಸ್ವಲ್ಪ ಉಂಟು. ಏಕೆಂದರೆ ಇದನ್ನು ನಾವು ದಂಡ ತೆತ್ತು ಕಲಿತಿದ್ದೇವೆ.

ಪತ್ರಿಕೆಗೆ ಕೈಹಾಕುವುದಕ್ಕೆ ಮೊದಲು, ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ತರಕಾರಿಯನ್ನು ಮಧ್ಯವರ್ತಿಗಳಿಂದ ಕೊಳ್ಳುವ ಬದಲು ನೇರವಾಗಿ ತರಿಸಿದರೆ ಲಾಭವೆಂದು ಎಣಿಸಿ ನಾವೊಂದು ಹಳೆಯ ಲಾರಿಯನ್ನು ಕೊಂಡಿದ್ದೆವು. ಗುಂಡ್ಲುಪೇಟೆಯ ಕಡೆಯ ಒಬ್ಬ ಚಾಲಕನನ್ನು ಇಟ್ಟುಕೊಂಡೆವು. ಬಂಡೀಪುರದ ಕಾಡನ್ನು ದಾಟಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟಗಳ ಮೇಲಾಗಿ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನಿಳಿದು, ಕಲ್ಲಿಕೋಟೆಯ ದಾರಿಯಾಗಿ ಕೊಚ್ಚಿಗೆ ಬರುವುದು ಅವನ ಕೆಲಸ. 2014ರ ಮಳೆಗಾಲದಲ್ಲಿ ಅವನು ನಮ್ಮಲ್ಲಿಗೆ ಬಂದು, "ಯಜಮಾನ್ರೇ, ಸ್ಟಿಯರಿಂಗ್ ಬಾಳ ಬಿಗಿ ಬತ್ತದೆ. ತಿರುವಲ್ಲಿ ಎಳೆದ್ರೆ ವಾಪಸ್ ನೆಟ್ಟಗೆ ಬರಕಿಲ್ಲ, ನಾವೇ ಎಳೀಬೇಕು. ಲೋಡ್ ಇದ್ರೆ ಇನ್ನೂ ಜಾಸ್ತಿ" ಎಂದು ಹೇಳಿದನು. ನಾವು ಗಲ್ಲಾದ ಚಿಲ್ಲರೆ ಎಣಿಸುತ್ತಲೇ, "ಪವರ್ ಸ್ಟಿಯರಿಂಗ್ ಇರುವ ಗಾಡಿ ಕೊಟ್ಟರೂ ಗೊಣಗುವುದು ತಪ್ಪಲಿಲ್ಲವೇನಯ್ಯಾ?" ಎಂದೆವು.

ಅವನು ಮತ್ತೆ ಎರಡು ಸಲ ಹೇಳಿದ ಮೇಲೆ ಲಾರಿಯನ್ನು ಒಂದು ಗ್ಯಾರೇಜಿಗೆ ಕಳುಹಿಸಿದೆವು. ಅಲ್ಲಿಯವರು ಪಂಪು ಹೋಗಿದೆಯೆಂದು ಪಂಪನ್ನು ಬದಲಾಯಿಸಿದರು. ಬಿಗಿ ಹೋಗಲಿಲ್ಲ. ಎರಡನೆಯ ಸಲ ಸ್ಟಿಯರಿಂಗ್ ಗೇರ್ ಬಾಕ್ಸನ್ನು ಬಿಚ್ಚಿ ಸೀಲುಗಳನ್ನೆಲ್ಲ ಹೊಸದು ಮಾಡಿದರು. ಆಗಲೂ ಹೋಗಲಿಲ್ಲ. ನಲವತ್ತು ಸಾವಿರಕ್ಕೂ ಮಿಕ್ಕಿ ಹಣ ಹೋಯಿತು. ಎಲ್ಲವನ್ನೂ ಹೊಸದು ಮಾಡಿಯಾಯಿತು, ಇನ್ನು ಉಳಿದಿರುವ ದೋಷವೆಂದರೆ ಚಾಲಕನದೇ ಎಂದು ನಾವು ತೀರ್ಮಾನಿಸಿದೆವು. ಅದಾದ ಮೂರನೆಯ ವಾರ, ಘಾಟಿಯ ಒಂದು ತಿರುವಿನಲ್ಲಿ ಲಾರಿಯು ಬೇಕಾದಷ್ಟು ತಿರುಗದೆ ತಡೆಗೋಡೆಗೆ ತಾಗಿತು. ಪ್ರಾಣಾಪಾಯವಾಗಲಿಲ್ಲ; ಕ್ಲೀನರ್ ಹುಡುಗನ ಕೈ ಮುರಿಯಿತು; ಚಾಲಕನ ಬಲಭುಜ ಉಳುಕಿ ತಿಂಗಳುಗಟ್ಟಲೆ ಮೇಲೆತ್ತದಂತಾಯಿತು. ಬಂಪರಿನ ರಿಪೇರಿಯ ಹಣವನ್ನು ನಾವು ಅವನ ಸಂಬಳದಲ್ಲಿ ಮುರಿದುಕೊಂಡೆವು. ಅವನು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಟುಹೋದನು.

ಕೊನೆಗೆ ಲಾರಿಯನ್ನು ನೋಡಿದವನು ಕಳಮಶ್ಶೇರಿಯ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ. ಅವನು ಯಾವ ಭಾಗವನ್ನೂ ಬದಲಾಯಿಸಲಿಲ್ಲ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆಯಿಟ್ಟು, ಮುಂಭಾಗವನ್ನು ಜಾಕಿನಲ್ಲೆತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದನು. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕನ್ನು ಕಳಚಿ, ಇಂಜಿನ್ ಚಾಲೂ ಮಾಡಿ, ಸ್ಟಿಯರಿಂಗನ್ನು ಒಂದು ಬೆರಳಿನಿಂದ ತಿರುಗಿಸಿದನು. ಅದು ಗಾಳಿಪಟದ ರಾಟೆಯಂತೆ ಹಗುರವಾಗಿ ತಿರುಗಿತು. ಆಮೇಲೆ ಇಂಜಿನ್ ನಿಲ್ಲಿಸಿ, ನೆಲಬಿಟ್ಟು ನಿಂತಿದ್ದ ಮುಂದಿನ ಚಕ್ರವನ್ನು ಎರಡು ಕೈಗಳಿಂದ ತಳ್ಳಿದನು; ಅದು ಮಿಸುಕಲಿಲ್ಲ. ತಲೆಗೆ ಏನೂ ಆಗಿಲ್ಲ, ಕಾಲಿಗೆ ವಾತ ಹಿಡಿದಿದೆ ಎಂಬರ್ಥದ ಮಾತನ್ನು ತನ್ನ ಮಲಯಾಳದಲ್ಲಿ ಹೇಳಿ ನಕ್ಕನು. ಕಿಂಗ್‌ಪಿನ್ನುಗಳಿಗೆ ಗ್ರೀಸು ಸೇರದೆ, ಮಳೆಯ ನೀರು ಸೇರಿ, ಅವುಗಳ ಬೇರಿಂಗು ತುಕ್ಕು ಹಿಡಿದಿತ್ತು. ಅದನ್ನು ಸರಿಪಡಿಸಲು ತಗಲಿದ ಖರ್ಚು ನಾವು ಅದುವರೆಗೆ ಸುರಿದ ಹಣದ ಐದರಲ್ಲಿ ಒಂದು ಪಾಲೂ ಆಗಲಿಲ್ಲ. ತಿರುವಿನಿಂದ ತಾನಾಗಿ ನೆಟ್ಟಗೆ ಬರುವುದಿಲ್ಲ, ಲೋಡು ಇದ್ದರೆ ಹೆಚ್ಚು ಬಿಗಿ ಎಂದು ಚಾಲಕನು ಹೇಳಿದ್ದ ಮಾತುಗಳೆರಡೂ ನೆಟ್ಟಗೆ ಕಿಂಗ್‌ಪಿನ್ನಿನ ಕಡೆಗೇ ಬೆರಳು ತೋರಿಸುತ್ತಿದ್ದುವು. ರೋಗಿಯು ರೋಗದ ಹೆಸರನ್ನೇ ಹೇಳಿದ್ದರೂ ವೈದ್ಯನು ಕೇಳಿಸಿಕೊಂಡಿರಲಿಲ್ಲ.

ಪವರ್ ಸ್ಟಿಯರಿಂಗ್ ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯಕ. ಲೋಡಾದ ಭಾರಿ ಲಾರಿಯ ಮುಂದಿನ ಆಕ್ಸಲ್ ಮೇಲೆ ಐದಾರು ಟನ್ನುಗಳ ಭಾರ ಬೀಳುತ್ತದೆ. ಅಷ್ಟು ಭಾರ ಹೊತ್ತ ಚಕ್ರಗಳನ್ನು ಮನುಷ್ಯನ ತೋಳಿನ ಬಲವೊಂದರಿಂದಲೇ ತಿರುಗಿಸುವ ಕಷ್ಟವನ್ನು ಕಣ್ಣಾರೆ ಕಂಡವನು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು. ಪಿಯರ್ಸ್-ಆರೋ ಎಂಬ ಕಂಪೆನಿಯ ಲಾರಿ ವಿಭಾಗದಲ್ಲಿ ದುಡಿದಿದ್ದ ಆತನು, ಎಣ್ಣೆಯ ಒತ್ತಡದಿಂದ ಸ್ಟಿಯರಿಂಗಿಗೆ ನೆರವಾಗುವ ಏರ್ಪಾಡನ್ನು 1920ರ ದಶಕದಲ್ಲಿ ರೂಪಿಸಿ 1926ರಲ್ಲಿ ವಾಹನಕ್ಕೆ ಜೋಡಿಸಿ ತೋರಿಸಿದನು. ಮಾರಾಟದ ಕಾರಿನಲ್ಲಿ ಅದು ಬಂದುದು 1951ರಲ್ಲಿ, ಕ್ರೈಸ್ಲರ್ ಕಂಪೆನಿಯ ಮೂಲಕ. ಲಾರಿಯ ಚಾಲಕನ ಕಷ್ಟವೇ ಈ ಉಪಕರಣದ ಮೂಲವೆಂಬುದನ್ನು ನಾವು ಮರೆಯಬಾರದು.

ಇದರ ಕೆಲಸ ಹೀಗೆ: ಇಂಜಿನ್ನಿನಿಂದ ತಿರುಗುವ ಒಂದು ಪಂಪು ಸಣ್ಣ ತೊಟ್ಟಿಯಿಂದ ಎಣ್ಣೆಯನ್ನೆಳೆದು ಹೋಸ್ ಪೈಪಿನ ಮೂಲಕ ಗೇರ್ ಬಾಕ್ಸಿಗೆ ಕಳುಹಿಸುತ್ತದೆ. ಚಾಲಕನು ಚಕ್ರವನ್ನು ತಿರುವಿದಾಗ ಗೇರ್ ಬಾಕ್ಸಿನೊಳಗಿನ ಒಂದು ಉಕ್ಕಿನ ಕಂಬಿ ಕೊಂಚ ತಿರುಚಿಕೊಂಡು, ಕವಾಟವೊಂದು ತೆರೆದು, ಎಣ್ಣೆಯು ಪಿಸ್ಟನ್ನಿನ ಬೇಕಾದ ಪಕ್ಕಕ್ಕೆ ನುಗ್ಗಿ ಅದನ್ನು ತಳ್ಳುತ್ತದೆ. ಪಿಸ್ಟನ್ನಿನ ಬಲವು ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕುಗಳ ಮೂಲಕ ಚಕ್ರಕ್ಕೆ ತಲುಪುತ್ತದೆ. ಬಾಗಿಲಿಗೆ ಕೀಲು ಇರುವಂತೆ ಮುಂದಿನ ಪ್ರತಿಯೊಂದು ಚಕ್ರವೂ ಕಿಂಗ್‌ಪಿನ್ ಎಂಬ ಗೂಟದ ಮೇಲೆ ತಿರುಗುತ್ತದೆ. ಎರಡು ಚಕ್ರಗಳನ್ನೂ ಜೊತೆಯಾಗಿ ತಿರುಗಿಸುವುದು ಟೈ ರಾಡ್. ಎಣ್ಣೆಯ ಒತ್ತಡವು ಎಷ್ಟೋ ಲಾರಿಗಳಲ್ಲಿ ಸುಮಾರು 150 ಬಾರ್ ವರೆಗೆ, ಅಂದರೆ ಚದರ ಅಂಗುಲಕ್ಕೆ 2,000 ಪೌಂಡಿಗೂ ಮೇಲೆ, ಏರುತ್ತದೆ. ಅದಕ್ಕೂ ಒಂದು ಮಿತಿಯುಂಟು. ಮಿತಿ ಮುಟ್ಟಿದೊಡನೆ ರಿಲೀಫ್ ಕವಾಟವು ತೆರೆದು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ.

ವಾಚಕರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಕಿಂಗ್‌ಪಿನ್ನು ನಿಧಾನವಾಗಿ ಒಣಗುತ್ತ ಬಂದರೂ, ಚಕ್ರದಲ್ಲಿ ಗಾಳಿ ಕಡಿಮೆಯಾಗುತ್ತ ಬಂದರೂ, ಆ ಹೆಚ್ಚಿನ ಭಾರವನ್ನು ಎಣ್ಣೆಯೇ ಹೊತ್ತುಕೊಳ್ಳುತ್ತದೆ. ಚಾಲಕನ ಕೈಗೆ ಅದರ ಸುಳಿವೂ ಹತ್ತುವುದಿಲ್ಲ. ಎಣ್ಣೆಯ ಶಕ್ತಿ ತನ್ನ ಮಿತಿಯನ್ನು ಮುಟ್ಟಿದ ಮೇಲೆ ಮಾತ್ರ ಉಳಿದ ಭಾರವು ಚಾಲಕನ ಭುಜದ ಮೇಲೆ ಬೀಳುತ್ತದೆ. ಆದುದರಿಂದ "ಬಿಗಿಯಾಗಿದೆ" ಎಂದು ಚಾಲಕನು ಹೇಳುವ ದಿನ ರೋಗವು ಅನೇಕ ವೇಳೆ ಬಹಳ ಹಳೆಯದಾಗಿರುತ್ತದೆ. ಹಿಂದಿನ ಕಾಲದ ಸಾದಾ ಸ್ಟಿಯರಿಂಗು ಮೊದಲ ದಿನವೇ ದೂರು ಹೇಳುತ್ತಿತ್ತು. ಪವರ್ ಸ್ಟಿಯರಿಂಗು ಕೊನೆಯ ದಿನದವರೆಗೂ ಸಹಿಸಿಕೊಂಡಿರುತ್ತದೆ. ಹೋಟೆಲಿನಲ್ಲಿಯೂ ಇಂಥವರನ್ನು ನಾವು ಕಂಡಿದ್ದೇವೆ. ಇಬ್ಬರು ರಜೆ ಹೋದರೂ ಮೂವರ ಕೆಲಸವನ್ನು ತಾನೊಬ್ಬನೇ ಮಾಡುವ ಸಪ್ಲಾಯರನು ಒಂದು ದಿನ ಮಲಗಿಬಿಟ್ಟಾಗ, ನಿನ್ನೆಯವರೆಗೆ ಚೆನ್ನಾಗಿದ್ದನಲ್ಲಾ ಎಂದು ಯಜಮಾನನು ಆಶ್ಚರ್ಯಪಡುತ್ತಾನೆ. ನಿನ್ನೆಯೂ ಅವನು ಚೆನ್ನಾಗಿರಲಿಲ್ಲ.

ಹಾಗಾದರೆ ದೂರು ಬಂದಾಗ ಮಾಡತಕ್ಕದ್ದೇನು? ಮೊದಲು ಮಾಡತಕ್ಕದ್ದು ಪ್ರಶ್ನೆ ಕೇಳುವುದು. ಕಾವಲಿಗೆ ದೋಸೆ ಕಚ್ಚಿದರೆ ತಿಳಿದ ಅಡಿಗೆ ಭಟ್ಟನು ಕಾವಲಿಯನ್ನು ಬೀದಿಗೆ ಎಸೆಯುವುದಿಲ್ಲ. ಹಿಟ್ಟು ಹುಳಿಯೆಷ್ಟು, ಬೆಂಕಿಯೆಷ್ಟು, ಎಣ್ಣೆ ಸವರಿದ್ದೆಷ್ಟು ಎಂದು ನೋಡುತ್ತಾನೆ. ಅದೇ ವಿವೇಕ ಇಲ್ಲಿಯೂ ಬೇಕು. ನಾವು ಮೇಸ್ತ್ರಿಯಿಂದ ಕಲಿತ ಆರು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇವೆ.

ಯಾವಾಗಲೂ ಬಿಗಿಯೋ, ಲೋಡು ಇದ್ದಾಗ ಮಾತ್ರವೋ? ಲೋಡಿನಲ್ಲಿ ಮಾತ್ರವಾದರೆ ಮುಂದಿನ ಆಕ್ಸಲ್ ಮೇಲೆ ಬಿದ್ದ ಅತಿಭಾರವನ್ನೂ ಟಯರಿನ ಗಾಳಿಯನ್ನೂ ಕಿಂಗ್‌ಪಿನ್ನಿನ ಬೇರಿಂಗನ್ನೂ ಮೊದಲು ಸಂಶಯಿಸಬೇಕು. ಎರಡು ಕಡೆಗೂ ಬಿಗಿಯೋ, ಒಂದೇ ಕಡೆಗೋ? ಒಂದೇ ಕಡೆಗಾದರೆ ಗೇರ್ ಬಾಕ್ಸಿನೊಳಗಿನ ಕವಾಟ, ಸೀಲುಗಳ ಮೇಲೂ, ತಿರುವಿನ ಕೊನೆಯಲ್ಲಿ ಒತ್ತಡವನ್ನು ಇಳಿಸುವ ಸಣ್ಣ ಕವಾಟದ ತಪ್ಪು ಹೊಂದಾಣಿಕೆಯ ಮೇಲೂ ಗುಮಾನಿ ಹೋಗುತ್ತದೆ. ನಿಧಾನವಾಗಿ ತಿರುವಿದರೆ ಹಗುರ, ಬೇಗ ತಿರುವಿದರೆ ಬಿಗಿಯೋ? ಇಂಜಿನ್ನಿನ ವೇಗ ಏರಿಸಿದೊಡನೆ ಹಗುರವಾಗುವುದಾದರೆ ಎಣ್ಣೆಯ ಹರಿವು ಸಾಲದು. ತೊಟ್ಟಿಯಲ್ಲಿ ಎಣ್ಣೆ ಕಡಿಮೆಯೋ, ಫಿಲ್ಟರು ಕಟ್ಟಿದೆಯೋ, ಹೋಸ್ ಪೈಪಿನ ಒಳಪದರು ಕುಸಿದಿದೆಯೋ, ಪಂಪು ಸವೆದಿದೆಯೋ ನೋಡಬೇಕು. ಬೆಳಗ್ಗೆ ಹಗುರವಿದ್ದು ದೂರ ಓಡಿ ಕಾದ ಮೇಲೆ ಬಿಗಿಯೋ? ಕಾದ ಎಣ್ಣೆ ತೆಳುವಾಗಿ ಸವೆದ ಪಂಪಿನಲ್ಲಿಯೋ ಗೇರ್ ಬಾಕ್ಸಿನಲ್ಲಿಯೋ ಒಳಗೊಳಗೇ ಸೋರಿಹೋಗುತ್ತಿರಬಹುದು. ಚಕ್ರದ ಒಂದೇ ಸುತ್ತಿನಲ್ಲಿ ಒಮ್ಮೆ ಬಿಗಿ, ಒಮ್ಮೆ ಹಗುರ, ಮತ್ತೆ ಬಿಗಿಯೋ? ಸ್ಟಿಯರಿಂಗ್ ಕಂಬದ ಕೆಳಗಿನ ಯೂನಿವರ್ಸಲ್ ಜಾಯಿಂಟು ತುಕ್ಕು ಹಿಡಿದಿರಬಹುದು. ಸಮುದ್ರದ ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಇದನ್ನು ಮರೆಯಬಾರದು. ಕೊನೆಯದಾಗಿ, ತಿರುವು ಮುಗಿದ ಮೇಲೆ ಚಕ್ರವು ತಾನಾಗಿ ನೆಟ್ಟಗೆ ಬರುತ್ತದೆಯೋ ಇಲ್ಲವೋ? ಬಾರದಿದ್ದರೆ ಕಿಂಗ್‌ಪಿನ್ನು, ಕೀಲುಗಳು, ಕಂಬ, ಇವುಗಳಲ್ಲಿ ಎಲ್ಲಿಯೋ ಹಿಡಿತವಿದೆ.

ಈ ಆರು ಪ್ರಶ್ನೆಗಳಿಗೆ ಕಾಸು ಖರ್ಚಿಲ್ಲ. ಉತ್ತರ ಕೊಡಬಲ್ಲವನು ಚಾಲಕನೊಬ್ಬನೇ. ಗ್ಯಾರೇಜಿನ ಅಂಗಳದಲ್ಲಿ ಹತ್ತು ನಿಮಿಷ ನಿಂತ ಲಾರಿಯು ಮೆಕ್ಯಾನಿಕನಿಗೆ ಹೇಳದ ಸಂಗತಿಯನ್ನು, ಮುನ್ನೂರು ಮೈಲಿ ಅದರ ಜೊತೆಗಿದ್ದವನು ಹೇಳಬಲ್ಲನು.

ಪ್ರಶ್ನೆಗಳಾದ ಮೇಲೆ ಪರೀಕ್ಷೆ. ಅದಕ್ಕೂ ಕ್ರಮವಿದೆ: ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಉಪಕರಣ. ಕಣ್ಣಿನಿಂದ ನೋಡತಕ್ಕವು ಟಯರಿನ ಗಾಳಿ, ತೊಟ್ಟಿಯ ಎಣ್ಣೆಯ ಮಟ್ಟ ಮತ್ತು ಬಣ್ಣ, ಸೋರಿಕೆ, ಪಂಪಿಗೆ ಬೆಲ್ಟಿದ್ದರೆ ಅದರ ಬಿಗಿ. ಎಣ್ಣೆಯಲ್ಲಿ ನೊರೆಯಿದ್ದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ. ಹಾಲಿನ ಬಣ್ಣವಿದ್ದರೆ ನೀರು ಸೇರಿದೆ. 2018ರ ಆಗಸ್ಟ್ ತಿಂಗಳ ಮಹಾಪ್ರವಾಹದಲ್ಲಿ ಆಲುವೆಯ ಸುತ್ತಮುತ್ತ ನೀರು ನಿಂತುದನ್ನು ಕಂಡ ನಮ್ಮ ವಾಚಕರಿಗೆ, ನೀರು ಹೊಕ್ಕ ಯಂತ್ರದ ಗತಿಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕೈಯ ಪರೀಕ್ಷೆಯೆಂದರೆ ಆ ಮೇಸ್ತ್ರಿ ಮಾಡಿದುದೇ. ಡ್ರ್ಯಾಗ್ ಲಿಂಕನ್ನು ಕಳಚಿದೊಡನೆ ರೋಗದ ಪ್ರದೇಶವು ಎರಡು ಪಾಲಾಗುತ್ತದೆ. ಸ್ಟಿಯರಿಂಗು ಹಗುರವಾಗಿ ಚಕ್ರವು ಬಿಗಿಯಾಗಿದ್ದರೆ ದೋಷ ಕೆಳಗೆ. ಆಗ ಟೈ ರಾಡನ್ನೂ ಬಿಡಿಸಿ ಎಡಚಕ್ರವೋ ಬಲಚಕ್ರವೋ ಎಂಬುದನ್ನು ನಿರ್ಧರಿಸಬಹುದು. ಲಿಂಕು ಕಳಚಿದ ಮೇಲೂ ಸ್ಟಿಯರಿಂಗು ಬಿಗಿಯಾಗಿಯೇ ಇದ್ದರೆ ದೋಷ ಮೇಲೆ. ಆಗ ಕಂಬವನ್ನು ಗೇರ್ ಬಾಕ್ಸಿನಿಂದ ಬೇರ್ಪಡಿಸಿ, ಕಂಬದ್ದೋ ಬಾಕ್ಸಿನದೋ ಎಂದು ತಿಳಿಯಬಹುದು. ಕಳಚಿದುದನ್ನು ಮರಳಿ ಜೋಡಿಸುವಾಗ ಹಳೆಯ ಸ್ಪ್ಲಿಟ್ ಪಿನ್ನನ್ನು ಎಸೆದು ಹೊಸದನ್ನು ಹಾಕತಕ್ಕದ್ದು. ಇದು ರಸ್ತೆಯ ಅಂಚಿನಲ್ಲಿ ಮಾಡುವ ಕೆಲಸವಲ್ಲವೆಂಬುದನ್ನೂ ನೆನಪಿಡಬೇಕು.

ಇಷ್ಟರಲ್ಲಿ ಹಿಡಿತ ಎಲ್ಲಿಯೂ ಸಿಕ್ಕದಿದ್ದರೆ ಮಾತ್ರ ಉಪಕರಣದ ಸರದಿ. ಪಂಪಿಗೂ ಗೇರ್ ಬಾಕ್ಸಿಗೂ ನಡುವೆ ಒತ್ತಡದ ಗೇಜನ್ನೂ ಹರಿವಿನ ಮಾಪಕವನ್ನೂ ಜೋಡಿಸಿ, ಎಣ್ಣೆ ತಕ್ಕಷ್ಟು ಕಾದ ಮೇಲೆ, ಗೇಜಿನ ಕವಾಟವನ್ನು ಐದು ಸೆಕೆಂಡು ಮೀರದಂತೆ ಮುಚ್ಚಿ ನೋಡಿದರೆ ಪಂಪಿನ ಶಕ್ತಿ ಅಂಕಿಯಲ್ಲಿ ಕಾಣುತ್ತದೆ. ಲಾರಿಯ ಪುಸ್ತಕದಲ್ಲಿ ಹೇಳಿದ ಅಂಕಿ ಬಂದರೆ ಪಂಪು ನಿರಪರಾಧಿ. ಇದನ್ನು ಬಲ್ಲ ಮೆಕ್ಯಾನಿಕನೇ ಮಾಡಬೇಕು. ಅಷ್ಟು ಒತ್ತಡದ ಎಣ್ಣೆ ಸೂಜಿಯ ಮೊನೆಯಷ್ಟು ತೂತಿನಿಂದ ಚಿಮ್ಮಿದರೂ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಸೋರಿಕೆಯನ್ನು ಬರಿಗೈಯಿಂದ ತಡವಿ ನೋಡುವ ಚಟವನ್ನು ನಮ್ಮ ಕ್ಲೀನರ್ ಹುಡುಗರು ಬಿಡಬೇಕು. ರಟ್ಟಿನ ತುಂಡೊಂದನ್ನು ಹಿಡಿದು ನೋಡಿದರೆ ಸಾಕು.

ನಮ್ಮ ಗ್ಯಾರೇಜುಗಳಲ್ಲಿ ಈ ಕ್ರಮವು ಎಷ್ಟೋ ವೇಳೆ ತಲೆಕೆಳಗಾಗಿರುತ್ತದೆ. ಬೆಲೆ ಹೆಚ್ಚಿನ ಪಂಪನ್ನೂ ಬಾಕ್ಸನ್ನೂ ಮೊದಲು ಬದಲಾಯಿಸಿ, ಕಡಿಮೆ ಬೆಲೆಯ ಗಾಳಿಯನ್ನೂ ಗ್ರೀಸನ್ನೂ ಕೊನೆಗೆ ನೋಡುತ್ತಾರೆ. ಇದರಲ್ಲಿ ಮೆಕ್ಯಾನಿಕರ ತಪ್ಪೇ ಪೂರ್ತಿಯೆಂದು ನಾವು ಹೇಳಲಾರೆವು. "ಸಂಜೆಯೊಳಗೆ ಗಾಡಿ ಬೇಕು" ಎಂದು ಕುತ್ತಿಗೆಯ ಮೇಲೆ ಕೂರುವ ಯಜಮಾನನಿಗೆ, ಏನೋ ಒಂದನ್ನು ಬದಲಾಯಿಸಿದೆವೆಂದು ತೋರಿಸುವುದು ಅವರಿಗೆ ಸುಲಭ. ಪರೀಕ್ಷೆಗೆ ಕೂಲಿ ಕೊಡಲು ನಾವು ಒಪ್ಪುವುದಿಲ್ಲ. ಸಾಮಾನಿಗಾದರೆ ಬಿಲ್ಲು ನೋಡಿ ಕೊಡುತ್ತೇವೆ. ಯೋಚಿಸಿದ್ದಕ್ಕೆ ಹಣ ಕೊಡದ ಊರಿನಲ್ಲಿ ಯಾರು ಯೋಚಿಸಿಯಾರು?

ಯಜಮಾನರ ಕಡೆಯ ವಾದವನ್ನೂ ನಾವು ಬಲ್ಲೆವು. ನಾವೂ ಅದನ್ನೇ ಆಡಿದವರು. ತರಕಾರಿ ಕಾಯುವುದಿಲ್ಲ, ಪೇಟೆ ಕಾಯುವುದಿಲ್ಲ, ಬಂಡೀಪುರದ ರಾತ್ರಿ ನಿರ್ಬಂಧದಿಂದಾಗಿ ಮೊದಲೇ ಹೊತ್ತು ಹೋಗುತ್ತದೆ ಎಂಬುದು ಆ ವಾದ. 2009ರಿಂದ ರಾತ್ರಿ 9 ಗಂಟೆಗೆ ಮುಚ್ಚಿ ಬೆಳಗಿನ 6 ಗಂಟೆಗೆ ತೆರೆಯುವ ಆ ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವುದು ನಿಜ. ಆದರೆ ಗೇಟಿನ ಮುಂದೆ ಹಾಗೆ ಕಾಯುವ ಹೊತ್ತಿನಲ್ಲಿ ಟಯರಿನ ಗಾಳಿಯನ್ನೂ ತೊಟ್ಟಿಯ ಎಣ್ಣೆಯನ್ನೂ ನೋಡುವುದಕ್ಕೆ ಅಡ್ಡಿಯೇನು? ಲೋಡಿಗೆ ಮುಂಚೆ ಖಾಲಿ ಲಾರಿಯು ಮಂಡಿಯ ಮುಂದೆ ನಿಂತಿರುವ ಮಧ್ಯಾಹ್ನದಲ್ಲಿ ಕಿಂಗ್‌ಪಿನ್ನಿನ ನಿಪ್ಪಲ್ಲುಗಳಿಗೆ ಹಳೆಯ ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗ್ರೀಸು ತುಂಬಿಸುವುದಕ್ಕೆ ಎಷ್ಟು ಹೊತ್ತು ಬೇಕು? ಹೊತ್ತಿಲ್ಲವೆಂಬುದು ಅರ್ಧಸತ್ಯ, ಮನಸ್ಸಿಲ್ಲವೆಂಬುದು ಉಳಿದರ್ಧ.

ಅತಿಭಾರದ ವಿಷಯವನ್ನೂ ಹೇಳದೆ ಬಿಡಲಾಗದು. 2018ರ ಜುಲೈಯಲ್ಲಿ ಕೇಂದ್ರ ಸರಕಾರವು ಲಾರಿಗಳ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ಕಾಗದದ ಮೇಲೆ ಮಿತಿ ಏರಿದ ಮಾತ್ರಕ್ಕೆ ಹಳೆಯ ಕಿಂಗ್‌ಪಿನ್ನು ದಪ್ಪವಾಗುವುದಿಲ್ಲ. 2019ರ ತಿದ್ದುಪಡಿಯಂತೆ ಅತಿಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ. ಅಪಾಯಕಾರಿ ದೋಷವುಳ್ಳ ವಾಹನವನ್ನು ಓಡಿಸಿದವನ ಜೊತೆಗೆ, ಅದನ್ನು ತಿಳಿದೂ, ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ, ಓಡಿಸಲು ಬಿಟ್ಟವನನ್ನೂ 1988ರ ಮೋಟಾರು ವಾಹನ ಕಾಯಿದೆಯ 190ನೆಯ ಸೆಕ್ಷನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಘಾಟಿಯ ಅಪಘಾತದ ದಿನ ಈ ಸೆಕ್ಷನ್ನನ್ನು ನಾವು ಓದಿರಲಿಲ್ಲ. ಓದಿದ್ದರೆ ಬಂಪರಿನ ಹಣವನ್ನು ಯಾರ ಸಂಬಳದಲ್ಲಿ ಮುರಿಯಬೇಕಿತ್ತೆಂಬುದು ತಿಳಿಯುತ್ತಿತ್ತು.

ಚಾಲಕ ಬಂಧುಗಳಿಗೂ ಒಂದು ಮಾತು. ಡೀಸೆಲ್ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸಿ ಬಿಡುವವರು ಇಂದಿಗೂ ಇಲ್ಲದಿಲ್ಲ. ಇಂಜಿನ್ ನಿಂತರೆ ಪಂಪು ನಿಂತಿತು, ಪಂಪು ನಿಂತರೆ ಆರು ಟನ್ನಿನ ಭಾರವೆಲ್ಲ ನಿಮ್ಮ ತೋಳಿನ ಮೇಲೆ; ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವ ಕಂಪ್ರೆಸರೂ ಅದರೊಡನೆ ನಿಲ್ಲುತ್ತದೆ. ಚಾಲೆಯ ಇಕ್ಕಟ್ಟಿನ ಬೀದಿಗಳಲ್ಲಿ ಚಕ್ರವನ್ನು ಕೊನೆಯವರೆಗೆ ತಿರುವಿ ಹಾಗೆಯೇ ಹಿಡಿದು ನಿಲ್ಲುವುದೂ ಒಳ್ಳೆಯದಲ್ಲ. ಎಣ್ಣೆ ಕುದಿದು ಪಂಪು ಕೆಡುತ್ತದೆ. ಯಜಮಾನನ ಅಲಕ್ಷ್ಯವನ್ನು ಖಂಡಿಸುವ ನಾವು ಈ ತಪ್ಪುಗಳನ್ನೂ ಮುಚ್ಚಿಡಲಾರೆವು.

ಈಗ ಗುಮಾಸ್ತ ಮಿತ್ರರ ಕಡೆಗೆ ತಿರುಗುತ್ತೇವೆ. ಬಾಯಿಮಾತಿನ ದೂರಿಗೆ ಸಾಕ್ಷಿಯಿಲ್ಲ. ಚಾಲಕನು ಹೇಳಿದ್ದನೋ ಇಲ್ಲವೋ, ಯಾವಾಗ ಹೇಳಿದನು, ಏನೆಂದು ಹೇಳಿದನು ಎಂಬುದು ಅಪಘಾತವಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆದುದರಿಂದ ಟ್ರಿಪ್ ಷೀಟಿನಲ್ಲಿ ಡೀಸೆಲ್, ಟೋಲ್, ಭತ್ತೆಗಳ ಕಾಲಂಗಳ ಪಕ್ಕದಲ್ಲಿ "ಚಾಲಕನ ದೂರು" ಎಂದು ಇನ್ನೊಂದು ಕಾಲಂ ಇರಲಿ. ಲಾರಿ ಬಂದು ನಿಂತೊಡನೆ ಮೇಲೆ ಹೇಳಿದ ಆರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಅವನ ಮಾತಿನಲ್ಲಿಯೇ ಬರೆದು, ತಾರೀಖು ಹಾಕಿ, ಅವನ ರುಜು ಪಡೆಯಿರಿ. ಅದೇ ಕಾಗದವು ಮೆಕ್ಯಾನಿಕನಿಗೆ ದಾರಿದೀಪ, ಚಾಲಕನಿಗೆ ರಕ್ಷಣೆ, ಯಜಮಾನನಿಗೆ ಉಳಿತಾಯ. ಇದಕ್ಕೆ ಮಾಲೀಕರ ಅಪ್ಪಣೆ ಬೇಕಾದರೆ ಈ ಲೇಖನವನ್ನೇ ಕತ್ತರಿಸಿ ಅವರ ಮೇಜಿನ ಮೇಲಿಡಿರಿ.

ಮಾಲೀಕರಿಂದ ನಾವು ಕೋರುವುದು ಎರಡೇ. ಸ್ಟಿಯರಿಂಗಿನ ದೂರು ಬರೆದಿರುವ ಲಾರಿಯನ್ನು ಮುಂದಿನ ಆಕ್ಸಲಿನ ಪರೀಕ್ಷೆಯಾಗುವವರೆಗೆ ಘಾಟಿಗೆ ಇಳಿಸಕೂಡದು. ಆ ಪರೀಕ್ಷೆಯ ದಿನದ ಭತ್ತೆಯನ್ನು ಚಾಲಕನಿಗೂ ಕ್ಲೀನರಿಗೂ ತಪ್ಪದೆ ಕೊಡಬೇಕು. ಭತ್ತೆ ಹೋಗುವುದೆಂಬ ಭಯದಿಂದಲೇ ಎಷ್ಟೋ ಚಾಲಕರು ದೂರನ್ನು ನುಂಗಿಕೊಂಡು ಲಾರಿ ಏರುತ್ತಾರೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನು ವಿಧಿಸಿ ಎಷ್ಟೋ ವರ್ಷಗಳಾದುವು. 2025ರಿಂದ ಹೊಸ ಭಾರಿ ಲಾರಿಗಳ ಕ್ಯಾಬಿನ್ನಿಗೆ ಏರ್ ಕಂಡಿಷನ್ನು ಕೂಡ ಕಡ್ಡಾಯವಾಯಿತು. ಕಾಯಿದೆಯು ಚಾಲಕನಿಗೆ ತಂಪು ಗಾಳಿಯನ್ನು ಕೊಡಬಲ್ಲದು. ಅವನ ಮಾತಿಗೆ ಕಿವಿಯನ್ನು ಕೊಡಬೇಕಾದವರು ನಾವೇ.

ನಮ್ಮ ಆ ಚಾಲಕನನ್ನು ಹುಡುಕಿಕೊಂಡು ಎರಡು ವರ್ಷಗಳ ಬಳಿಕ ನಾವು ಅವನ ಊರಿಗೆ ಹೋದೆವು. ಲಾರಿಯನ್ನು ಬಿಟ್ಟು ಅವನು ಆಟೋ ಓಡಿಸುತ್ತಿದ್ದನು. ಸಂಬಳದಲ್ಲಿ ಮುರಿದ ಹಣವನ್ನೂ ಔಷಧಿಯ ಖರ್ಚೆಂದು ಇನ್ನಷ್ಟನ್ನೂ ಅವನ ಮುಂದಿಟ್ಟೆವು. ಅವನು ಅದನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ನಮಗೆ ಕಾಫಿ ಕೊಡಿಸಿದನು. ಹೊರಡುವಾಗ, "ದುಡ್ಡು ಕೊಟ್ರಿ, ಸರಿ ಯಜಮಾನ್ರೇ. ಅವತ್ತು ಚಿಲ್ಲರೆ ಎಣಿಸೋದು ನಿಲ್ಸಿ ಒಂದ್ ಮಾತ್ ಕೇಳಿದ್ರೆ ಆ ಹುಡುಗನ ಕೈ ಉಳೀತಿತ್ತು" ಎಂದನು. ತನ್ನ ಭುಜದ ವಿಷಯವನ್ನು ಅವನು ಎತ್ತಲಿಲ್ಲ.